ಡಿಗ್ರಿ ಇಲ್ಲದ ಪ್ರೊಫೆಸರ್: ಧರ್ಮಾನಂದ ಕೋಸಂಬಿ

ಇವತ್ತು ಪಾಳಿ, ಬೌದ್ಧ ಅಧ್ಯಯನ ಅಂತ ವಿಷಯ ತಗೊಂಡು ಎಂ.ಎ. ಮಾಡಬಹುದು, ಪಿಎಚ್‌ಡಿ ಮಾಡಬಹುದು. ಅರ್ಜಿ ಹಾಕಿ, ಫೀಸು ಕಟ್ಟಿ, ತರಗತಿಗೆ ಹೋದರೆ ಆಯ್ತು. ಆದರೆ ನೂರಿಪ್ಪತ್ತೈದು ವರ್ಷಗಳ ಹಿಂದೆ, ಬುದ್ಧ ಓಡಾಡಿ ಬೋಧಿಸಿದ ನಾಡಿನಲ್ಲಿ ಅದನ್ನು ಕಲಿಸುವ ಗುರು ಸಿಗದೆ ಒಬ್ಬ ಯುವಕ ಸಿಂಹಳದವರೆಗೂ ಅಲೆಯಬೇಕಾಯಿತು. ಕೋಸಂಬಿ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ಗಣಿತಜ್ಞ, ಇತಿಹಾಸಕಾರ ಡಿ.ಡಿ. ಕೋಸಂಬಿ ನೆನಪಾಗ್ತಾರೆ. ನಾವು ಹೇಳಹೊರಟಿರೋದು ಅವರ ತಂದೆ ಧರ್ಮಾನಂದರ ಬಗ್ಗೆ.

ಅಲ್ ಹೈಲ್‌ನ ಕಡಲಿನಾಚೆ ನಮ್ಮ ಕರಾವಳಿ. ಅದರ ಮಗ್ಗುಲಲ್ಲೇ ಗೋವಾ. ಅಲ್ಲಿನ ಸಾಂಕವಾಳ ಎಂಬ ಊರಿನಲ್ಲಿ 1876ರ ಅಕ್ಟೋಬರ್ 9ರಂದು ಧರ್ಮಾನಂದರು ಹುಟ್ಟಿದರು. ಮನೆಮಾತು ಕೊಂಕಣಿ, ಆಗಿನ್ನೂ ಪೋರ್ಚುಗೀಸರ ಆಳ್ವಿಕೆ. ಆರೋಗ್ಯ ಸರಿಯಿಲ್ಲದೆ ಶಾಲೆ ಅರ್ಧಕ್ಕೇ ನಿಂತಿತು. ಚಿಕ್ಕ ವಯಸ್ಸಿನಲ್ಲೇ ಮದುವೆ, ಮೇಲೆ ತೆಂಗಿನ ತೋಟದ ಜವಾಬ್ದಾರಿ. ಹೀಗಿರುವಾಗ ಮಕ್ಕಳಿಗಾಗಿ ಬರುತ್ತಿದ್ದ ಒಂದು ಮರಾಠಿ ಮಾಸಪತ್ರಿಕೆಯಲ್ಲಿ ಬುದ್ಧನ ಜೀವನಚರಿತ್ರೆ ಓದಿದರು. ಆ ಗುಂಗು ಮತ್ತೆ ಬಿಡಲೇ ಇಲ್ಲ. 1899ರ ಕೊನೆಗೆ, ಹೆಂಡತಿ ಬಾಳಾಬಾಯಿಯನ್ನೂ ಎಳೆಗೂಸನ್ನೂ ಬಿಟ್ಟು ಮನೆಯಿಂದ ಹೊರಟರು.

ಮೊದಲು ಪುಣೆ. ಅಲ್ಲಿ ಆರ್.ಜಿ. ಭಂಡಾರ್ಕರ್ ಅವರ ಭೇಟಿಯಾಯಿತು. ಸಂಸ್ಕೃತ ಓದೋಕೆ ಕಾಶಿಗೆ ಹೋಗಿ, ಅನ್ನಛತ್ರದಲ್ಲಿ ಉಂಡು ದಿನ ಕಳೆದರು. ಬುದ್ಧನ ಜಾಡು ಹಿಡಿದು ನೇಪಾಳಕ್ಕೆ ಹೋದರೆ ಅಲ್ಲಿ ನಿರಾಸೆಯೇ ಕಾದಿತ್ತು. ಬುದ್ಧಗಯೆ, ಕಲ್ಕತ್ತ ದಾಟಿ 1902ರಲ್ಲಿ ಕೊಲಂಬೊದ ವಿದ್ಯೋದಯ ವಿದ್ಯಾಲಯ ಸೇರಿ, ಸುಮಂಗಲ ಮಹಾಥೇರರ ಬಳಿ ಪಾಳಿ ಕಲಿತು ದೀಕ್ಷೆ ಪಡೆದರು. ಆಮೇಲೆ ಬರ್ಮಾ. ಏಳು ವರ್ಷ ಸುತ್ತಿ 1906ರಲ್ಲಿ ಕಲ್ಕತ್ತದಲ್ಲಿ ಪಾಳಿ ಕಲಿಸೋಕೆ ನಿಂತಾಗ ಅವರ ಕೈಯಲ್ಲಿ ವಿಶ್ವವಿದ್ಯಾಲಯದ ಒಂದು ಪದವಿಯೂ ಇರಲಿಲ್ಲ.

ಕಲ್ಕತ್ತದಲ್ಲೇ ಇದ್ದಿದ್ದರೆ ಸುಖವಾಗಿರಬಹುದಿತ್ತು. ಆದರೆ ಈ ವಿದ್ಯೆ ತಮ್ಮ ಕಡೆಯ ಜನಕ್ಕೂ ತಲುಪಬೇಕು ಅನ್ನೋದು ಅವರ ಹಟ. ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ 50 ರೂಪಾಯಿ ಕೊಡಲು ಒಪ್ಪಿದಾಗ ಕಲ್ಕತ್ತದ ಕೆಲಸ ಬಿಟ್ಟು ಬಂದರು. ಭಂಡಾರ್ಕರ್ ಅವರ ಬೆಂಬಲದಿಂದ ಮುಂಬೈ ವಿಶ್ವವಿದ್ಯಾಲಯದಲ್ಲೂ ಪಾಳಿ ಪಠ್ಯವಿಷಯವಾಯಿತು. 1912ರಿಂದ 1918ರವರೆಗೆ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಅವರು ಪಾಳಿ ಪ್ರಾಧ್ಯಾಪಕರು. ಮುಂದೆ ಬೌದ್ಧ ವಿದ್ವಾಂಸರಾಗಿ ಹೆಸರಾದ ಪಿ.ವಿ. ಬಾಪಟ್ ಅವರ ಶಿಷ್ಯರು.

ಇದರ ನಡುವೆ ಹಾರ್ವರ್ಡ್. ಐದನೇ ಶತಮಾನದ ಬುದ್ಧಘೋಷನ 'ವಿಸುದ್ಧಿಮಗ್ಗ'ವನ್ನು ಪರಿಷ್ಕರಿಸುತ್ತಿದ್ದ ಹೆನ್ರಿ ವಾರನ್ ಕೆಲಸ ಮುಗಿಸದೆ ತೀರಿಕೊಂಡಿದ್ದರು. ಅದೂ 1899ರಲ್ಲೇ, ಧರ್ಮಾನಂದರು ಮನೆ ಬಿಟ್ಟ ವರ್ಷ. ಆ ಕೆಲಸಕ್ಕಾಗಿ 1910ರಲ್ಲಿ ಅಮೆರಿಕಕ್ಕೆ ಹೋದರು. ಬೇರೆ ಬೇರೆ ಲಿಪಿಯ ಪ್ರತಿಗಳನ್ನು ಪಕ್ಕಪಕ್ಕ ಇಟ್ಟು, ಎಲ್ಲಿ ಅಕ್ಷರ ತಪ್ಪಿದೆ, ಯಾವ ಪಾಠ ಸರಿ ಅಂತ ಸಾಲು ಸಾಲಾಗಿ ನೋಡುವ ಕೆಲಸ ಅದು. ಇಂಜಿನಿಯರಿಂಗ್ ಓದಿದ ನಮಗೆ ಇದು ಅಪರಿಚಿತ ಶ್ರಮವೇನಲ್ಲ: ಅಳತೆ ಒಂದು ಕಡೆ ತಪ್ಪಿದರೆ ಮೇಲಿನದೆಲ್ಲ ತಪ್ಪುತ್ತೆ. ಆದರೆ ಸಂಪಾದಕರಾಗಿ ಯಾರ ಹೆಸರು ಇರಬೇಕು ಅನ್ನೋ ವಿಷಯದಲ್ಲಿ ಪ್ರೊ. ಲ್ಯಾನ್‌ಮನ್ ಜೊತೆ ಭಿನ್ನಾಭಿಪ್ರಾಯ ಬಂದು ಧರ್ಮಾನಂದರು ಹಿಂದಿರುಗಿದರು. ಆದರೂ ಗ್ರಂಥವನ್ನು ಕೈಬಿಡಲಿಲ್ಲ. 1918ರಲ್ಲಿ ಮತ್ತೆ ಹೋದರು, ಆಮೇಲೂ ಹೋದರು. 1940ರಲ್ಲಿ ಅದರ ನಾಗರಿ ಲಿಪಿಯ ಆವೃತ್ತಿಯನ್ನು ಮುಂಬೈಯಿಂದ ತಂದರು. ಸಿಂಹಳ, ಬರ್ಮಿ ಲಿಪಿ ಬಾರದ ವಿದ್ಯಾರ್ಥಿಗೂ ಮೂಲವನ್ನು ನಾಗರಿಯಲ್ಲಿ ಓದುವ ದಾರಿ ಆಗ ತೆರೆಯಿತು.

ಅವರು ಬರೀ ಪುಸ್ತಕದ ಮನುಷ್ಯರೂ ಆಗಿರಲಿಲ್ಲ. 1930ರಲ್ಲಿ ಉಪ್ಪಿನ ಸತ್ಯಾಗ್ರಹ ಸೇರಿ ಜೈಲು ಕಂಡರು. ಮುಂಬೈಯ ಪರೇಲ್‌ನಲ್ಲಿ ದುಡಿಯುವ ಜನರ ನಡುವೆ ಬಹುಜನ ವಿಹಾರ ನಡೆಸಿದರು. ಕೊನೆಗೆ ಕಾಯಿಲೆ ಹೆಚ್ಚಾಗಿ, ಆಹಾರ ತ್ಯಜಿಸಿ, 1947ರ ಜೂನ್ 4ರಂದು ಗಾಂಧೀಜಿಯ ಸೇವಾಗ್ರಾಮದಲ್ಲಿ ತೀರಿಕೊಂಡರು. ಹಾರ್ವರ್ಡ್ ಆವೃತ್ತಿ ಹೊರಬಂದಿದ್ದು 1950ರಲ್ಲಿ. ಅದರಲ್ಲಿ ವಾರನ್ ಜೊತೆ ಅವರ ಹೆಸರೂ ಇದೆ.

ಈ ಬದುಕನ್ನು ಬರೀ ಸಾಧನೆ ಅಂತ ಓದಿ ಮುಗಿಸೋಕೆ ನಮಗೆ ಮನಸ್ಸಾಗಲ್ಲ. ಬಾಳಾಬಾಯಿ ವರ್ಷಗಟ್ಟಲೆ ಕಾದಿದ್ದರಿಂದಲೂ ಈ ವಿದ್ಯೆ ನಮ್ಮ ನಾಡಿಗೆ ಮರಳಿತು. ಆದರೆ ಯಾವ ಪುಸ್ತಕದ ಮುಖಪುಟದಲ್ಲೂ ಅವರ ಹೆಸರಿಲ್ಲ. ಓದಿಗಾಗಿ, ದುಡಿಮೆಗಾಗಿ ಕಡಲು ದಾಟಿದ ಮನೆಗಳಲ್ಲಿ ಬೆಳೆದವರಿಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ. ಕನ್ನಡದಲ್ಲಿ ಜಿ.ಪಿ. ರಾಜರತ್ನಂ ಬುದ್ಧನ ಜಾತಕ ಕಥೆಗಳನ್ನು ನಮ್ಮ ಕೈಗೆ ಕೊಟ್ಟಿದ್ದಾರೆ. ಈ ರಜೆಯಲ್ಲಿ ಅಲ್ಲಿಂದ ಶುರು ಮಾಡೋಣ. ಪಾಳಿ ಕಲಿಯಬೇಕು ಅನ್ನಿಸಿದವರಿಗೆ ಈಗ ಗುರುಗಳಿದ್ದಾರೆ, ಮನೆ ಬಿಟ್ಟು ಓಡಬೇಕಾಗಿಲ್ಲ.