ಹೋಮಿ ಭಾಭಾ ಮತ್ತು ಭಾರಜಲ

ಭಾರತದ ಅಣುವಿಜ್ಞಾನಕ್ಕೆ ಅಡಿಗಲ್ಲನ್ನಿರಿಸಿದ ಡಾ. ಹೋಮಿ ಜಹಾಂಗೀರ್ ಭಾಭಾ ಅವರು ನಮ್ಮ ಮುಂಬಯಿಯಲ್ಲಿ 1909ನೆಯ ಅಕ್ಟೋಬರ್ 30ರಂದು ಪಾರ್ಸಿ ಮನೆತನವೊಂದರಲ್ಲಿ ಜನಿಸಿದರು. 1927ರಲ್ಲಿ ಎಂಜಿನಿಯರಿಂಗ್ ವ್ಯಾಸಂಗಕ್ಕಾಗಿ ಕೇಂಬ್ರಿಜ್ಜಿಗೆ ತೆರಳಿದರು. ಮನಸ್ಸು ಭೌತವಿಜ್ಞಾನದತ್ತ ಹರಿದರೂ, ತಂದೆಯವರ ಇಚ್ಛೆಯಂತೆ ಮೊದಲು ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗಿ, ಅನಂತರವೇ ಮೆಚ್ಚಿನ ಶಾಸ್ತ್ರವನ್ನು ಕೈಗೊಂಡರು.

1939ರಲ್ಲಿ ಅವರು ರಜೆಗೆಂದು ಸ್ವದೇಶಕ್ಕೆ ಬಂದಿದ್ದಾಗ ಮಹಾಯುದ್ಧವು ಆರಂಭವಾಯಿತು. ಮರಳಿ ಹೋಗಲಾಗದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿ, ವಿಶ್ವಕಿರಣಗಳ ಸಂಶೋಧನೆಯಲ್ಲಿ ತೊಡಗಿದರು. ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯು 1945ರಲ್ಲಿ ಆ ಕನ್ನಡ ನೆಲದಲ್ಲಿಯೇ ಆರಂಭಗೊಂಡು, ಅದೇ ವರ್ಷ ಮುಂಬಯಿಗೆ ಬಂದಿತು. 1948ರಲ್ಲಿ ಭಾಭಾ ಅವರು ಅಣುಶಕ್ತಿ ಆಯೋಗದ ಅಧ್ಯಕ್ಷರಾದರು. 1954ರಲ್ಲಿ ಟ್ರಾಂಬೆಯ ಅಣುಶಕ್ತಿ ಕೇಂದ್ರವು ಸ್ಥಾಪಿತವಾಯಿತು.

ಅವರ ದೂರದೃಷ್ಟಿಯನ್ನು ಅರಿಯಬೇಕಾದರೆ ನಾವು ಒಂದು ವಿಷಯವನ್ನು ತಿಳಿದಿರಬೇಕು. ಯುರೇನಿಯಂ ಪರಮಾಣು ಒಡೆದಾಗ ಹೊರಬೀಳುವ ನ್ಯೂಟ್ರಾನುಗಳು ಸೆಕೆಂಡಿಗೆ ಸುಮಾರು 20,000 ಕಿಲೋಮೀಟರ್ ವೇಗದಿಂದ ಧಾವಿಸುತ್ತವೆ. ವೇಗವು ಎರಡು ಕಿಲೋಮೀಟರಿನಷ್ಟಕ್ಕೆ ಇಳಿದರೆ ಮಾತ್ರ ಅವು ಬೇರೆ ಪರಮಾಣುಗಳನ್ನು ಸುಲಭವಾಗಿ ಒಡೆಯಬಲ್ಲವು. ಹೀಗೆ ವೇಗವನ್ನು ತಗ್ಗಿಸುವ ವಸ್ತುವೇ ಮಂದಕಾರಿ. ಗೋಲಿಯೊಂದು ಗೋಡೆಗೆ ಬಡಿದರೆ ರಭಸದಿಂದಲೇ ಹಿಂದಿರುಗುತ್ತದೆ. ತನ್ನಷ್ಟೇ ತೂಕದ ಗೋಲಿಗೆ ನೇರವಾಗಿ ಬಡಿದರೆ ತಾನು ನಿಂತು ಅದನ್ನು ಓಡಿಸುತ್ತದೆ. ನೀರಿನಲ್ಲಿರುವ ಹೈಡ್ರೋಜನ್ನಿನ ಬೀಜಕೇಂದ್ರವು ನ್ಯೂಟ್ರಾನಿನಷ್ಟೇ ತೂಕವುಳ್ಳದ್ದು. ಆದುದರಿಂದ ನೀರು ಒಳ್ಳೆಯ ಮಂದಕಾರಿ.

ಆದರೆ ಸಾಮಾನ್ಯ ನೀರು ಕೆಲವು ನ್ಯೂಟ್ರಾನುಗಳನ್ನು ನುಂಗಿಬಿಡುತ್ತದೆ. ಈ ನಷ್ಟವನ್ನು ತುಂಬಲು ಸಂವರ್ಧಿತ ಯುರೇನಿಯಂ ಬೇಕು. 1956ನೆಯ ಆಗಸ್ಟ್ 4ರಂದು ಟ್ರಾಂಬೆಯಲ್ಲಿ ಚಾಲನೆಗೊಂಡ ‘ಅಪ್ಸರಾ’ ರಿಯಾಕ್ಟರನ್ನು ನಮ್ಮವರೇ ಕಟ್ಟಿದರೂ, ಅದರ ಇಂಧನವು ಬ್ರಿಟನ್ನಿನಿಂದ ಬರಬೇಕಾಯಿತು. ಭಾರಜಲವಾದರೋ ನ್ಯೂಟ್ರಾನುಗಳನ್ನು ಬಹಳ ಕಡಮೆ ನುಂಗುತ್ತದೆ. ಅದಿದ್ದರೆ, ಸಾವಿರ ಪರಮಾಣುಗಳಲ್ಲಿ ಸುಲಭವಾಗಿ ಒಡೆಯುವಂಥವು ಏಳೇ ಇರುವ ನೈಸರ್ಗಿಕ ಯುರೇನಿಯಂ ಸಾಕು. ಭಾಭಾ ಅವರು ಮುಖ್ಯವಾಗಿ ಆರಿಸಿಕೊಂಡದ್ದು ಈ ಮಾರ್ಗವನ್ನೇ. 1960ರಲ್ಲಿ ಕೆನಡಾದ ನೆರವಿನಿಂದ ‘ಸೈರಸ್’ ರಿಯಾಕ್ಟರು ಚಾಲನೆಗೊಂಡಾಗ ಭಾರಜಲವು ಅಮೆರಿಕದಿಂದ ಬಂದಿತು. 1962ರಲ್ಲಿ ಪಂಜಾಬಿನ ನಂಗಲ್‌ನಲ್ಲಿ ನಮ್ಮದೇ ಕಾರ್ಖಾನೆ ಅದನ್ನು ತಯಾರಿಸತೊಡಗಿತು.

1966ನೆಯ ಜನವರಿ 24ರಂದು ಆಲ್ಪ್ಸ್ ಪರ್ವತದ ಮಾಂಟ್ ಬ್ಲಾಂಕ್ ಬಳಿ ವಿಮಾನವು ಅಪಘಾತಕ್ಕೀಡಾಗಿ, ಭಾಭಾ ಅವರು ಐವತ್ತಾರನೆಯ ವಯಸ್ಸಿನಲ್ಲಿಯೇ ಅಗಲಿದರು. ಮರುವರ್ಷ ಟ್ರಾಂಬೆಯ ಕೇಂದ್ರಕ್ಕೆ ಅವರ ಹೆಸರನ್ನಿಡಲಾಯಿತು.

ಅವರ ಆಯ್ಕೆಯ ಬೆಲೆ ಮುಂದೆ ತಿಳಿದುಬಂದಿತು. ಬೇಗನೆ ವಿದ್ಯುತ್ತು ದೊರೆಯಲೆಂದು ಅವರೇ ಒಪ್ಪಿದ್ದ ತಾರಾಪುರದ ಸ್ಥಾವರವು ಸಾಮಾನ್ಯ ನೀರಿನದು. 1974ರಲ್ಲಿ ಭಾರತವು ಅಣುಸ್ಫೋಟದ ಪ್ರಯೋಗವನ್ನು ನಡೆಸಿದ ಬಳಿಕ, ಅದಕ್ಕೆ ಅಮೆರಿಕದಿಂದ ಬರುತ್ತಿದ್ದ ಇಂಧನಕ್ಕೆ ಅಡ್ಡಿಗಳುಂಟಾದವು. ಕೆನಡಾವೂ ನೆರವನ್ನು ನಿಲ್ಲಿಸಿತು. ಆದರೆ ರಾಜಸ್ಥಾನದಲ್ಲಿ ಅರ್ಧಕ್ಕೆ ನಿಂತಿದ್ದ ಭಾರಜಲದ ರಿಯಾಕ್ಟರನ್ನು ನಮ್ಮ ಎಂಜಿನಿಯರುಗಳೇ ಪೂರ್ಣಗೊಳಿಸಿದರು. ಕನ್ನಡನಾಡಿನ ಕೈಗಾದಲ್ಲಿ 2000ದಿಂದ 2011ರವರೆಗೆ ಒಂದೊಂದಾಗಿ ಕಾರ್ಯಾರಂಭ ಮಾಡಿದ ನಾಲ್ಕು ರಿಯಾಕ್ಟರುಗಳೂ ಇದೇ ಬಗೆಯವು.

ವಿದ್ಯಾರ್ಥಿಗಳೇ, ಕೈಯಲ್ಲಿರುವ ಇಂಧನಕ್ಕೆ ತಕ್ಕ ಮಂದಕಾರಿಯನ್ನು ಆರಿಸಿದುದು ಮೇಲ್ನೋಟಕ್ಕೆ ಸಣ್ಣ ಸಂಗತಿಯೆನಿಸೀತು. ಪರರು ಕೈಬಿಟ್ಟಾಗಲೂ ನಾಡಿನ ದೀಪಗಳು ನಂದದಂತೆ ಕಾಯಲು ಅದು ನೆರವಾಯಿತು. ಟ್ರಾಂಬೆಯ ಗುಡ್ಡವನ್ನು ಕಂಡಾಗಲೆಲ್ಲ ನಾವು ಈ ಮಹನೀಯರನ್ನು ಕೃತಜ್ಞತೆಯಿಂದ ನೆನೆಯೋಣ.