ಏಳು ಇಂಚು ಕುಗ್ಗಿದ ಕ್ಯಾಪ್ಟನ್: ಚಾರ್ಲ್ಸ್ ಮಾರ್ಟೆಲ್ ಮತ್ತು ಮೂಳೆಯ ಕ್ಯಾಲ್ಸಿಯಂ ಕದ್ದ ಗಡ್ಡೆ

ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚಿದೆ ಎಂದು ವರದಿ ಬಂದರೆ ಅನೇಕರು ಖುಷಿಪಡುತ್ತಾರೆ. ಕ್ಯಾಲ್ಸಿಯಂ ಇದ್ದಷ್ಟೂ ಮೂಳೆ ಗಟ್ಟಿ ಎಂಬ ನಂಬಿಕೆ ನಮ್ಮಲ್ಲಿ ಅಷ್ಟು ಬೇರೂರಿದೆ. ಆದರೆ ಆ ಕ್ಯಾಲ್ಸಿಯಂ ಎಲ್ಲಿಂದ ಬಂತು ಎಂದು ನಾವು ಕೇಳುವುದಿಲ್ಲ. ಅದು ಮೂಳೆಯಿಂದಲೇ ಕರಗಿ ಬಂದಿದ್ದರೆ ಏನಾಗುತ್ತದೆ ಎಂಬುದನ್ನು ವೈದ್ಯಲೋಕಕ್ಕೆ ತನ್ನ ದೇಹದಿಂದಲೇ ಕಲಿಸಿದವನು ಚಾರ್ಲ್ಸ್ ಮಾರ್ಟೆಲ್. ಆತ ವೈದ್ಯನಲ್ಲ, ಅಮೆರಿಕದ ವ್ಯಾಪಾರಿ ಹಡಗುಗಳ ಕ್ಯಾಪ್ಟನ್. ಹಾರ್ಮೋನುಗಳ ಬಗ್ಗೆ ಓದುವ ವೈದ್ಯರ ನಡುವೆ ಇಂದಿಗೂ ಆತನ ಹೆಸರು ಪ್ರಸಿದ್ಧ.

ಕುಗ್ಗುತ್ತಾ ಹೋದ ನಾವಿಕ

1918ರಲ್ಲಿ ಮಾರ್ಟೆಲ್ ಇಪ್ಪತ್ತರ ಹರೆಯದ ಕಟ್ಟುಮಸ್ತಾದ ಯುವಕ. ಎತ್ತರ ಆರು ಅಡಿಗೂ ಹೆಚ್ಚು. ಮುಂದಿನ ಕೆಲವೇ ವರ್ಷಗಳಲ್ಲಿ ಆತನ ದೇಹದ ಆಕಾರವೇ ಬದಲಾಗತೊಡಗಿತು. ಬೆನ್ನು ಬಾಗಿತು, ಕುತ್ತಿಗೆ ಗಿಡ್ಡವಾಯಿತು, ಎದೆಗೂಡು ಪಾರಿವಾಳದ ಎದೆಯಂತೆ ಮುಂದಕ್ಕೆ ಚಾಚಿತು. ಸಣ್ಣಪುಟ್ಟ ಪೆಟ್ಟಿಗೂ ಮೂಳೆ ಮುರಿಯುತ್ತಿತ್ತು. ಮೂತ್ರದಲ್ಲಿ ಬಿಳಿಯ ಮರಳಿನಂಥ ವಸ್ತು ಹೋಗುತ್ತಿತ್ತು. ಬೆನ್ನುಮೂಳೆಗಳು ಒಂದರ ಮೇಲೊಂದು ಕುಸಿದು ಆತನ ಎತ್ತರ ಸುಮಾರು ಏಳು ಇಂಚು ಕಡಿಮೆಯಾಯಿತು.

1926ರಲ್ಲಿ ಆತ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಗೆ ಬಂದ. ಅಲ್ಲಿ ಆತನನ್ನು ನೋಡಿದವರು ಯೂಜೀನ್ ಡುಬಾಯ್ಸ್. ಮೂಳೆಯಲ್ಲಿ ಕ್ಯಾಲ್ಸಿಯಂ ಕಡಿಮೆ, ರಕ್ತದಲ್ಲಿ ಮತ್ತು ಮೂತ್ರದಲ್ಲಿ ಹೆಚ್ಚು: ಈ ವಿಚಿತ್ರ ಲೆಕ್ಕ ಅವರ ಗಮನ ಸೆಳೆಯಿತು. ಅದಕ್ಕೆ ಒಂದು ವರ್ಷ ಮೊದಲಷ್ಟೇ ಜೇಮ್ಸ್ ಕಾಲಿಪ್ ಎಂಬ ವಿಜ್ಞಾನಿ ಪ್ಯಾರಾಥೈರಾಯ್ಡ್ ಗ್ರಂಥಿಯ ಸಾರವನ್ನು ತಯಾರಿಸಿದ್ದರು. ಆ ಸಾರವನ್ನು ಕೊಟ್ಟಾಗ ದೇಹದಲ್ಲಿ ಏನಾಗುತ್ತದೋ ಅದೇ ಮಾರ್ಟೆಲ್‌ನಲ್ಲಿ ತಾನಾಗಿಯೇ ಆಗುತ್ತಿತ್ತು. ಹಾಗಾದರೆ ಆತನ ಗ್ರಂಥಿಯೇ ಅತಿಯಾಗಿ ಕೆಲಸ ಮಾಡುತ್ತಿರಬೇಕು ಎಂದು ಡುಬಾಯ್ಸ್ ತರ್ಕಿಸಿದರು.

ಅಕ್ಕಿಕಾಳಿನಷ್ಟು ಗ್ರಂಥಿಯ ಕೆಲಸ

ಪ್ಯಾರಾಥೈರಾಯ್ಡ್ ಎಂದರೆ ಥೈರಾಯ್ಡ್ ಅಲ್ಲ. ಕುತ್ತಿಗೆಯಲ್ಲಿ ಥೈರಾಯ್ಡ್ ಗ್ರಂಥಿಯ ಹಿಂಬದಿಗೆ ಅಂಟಿಕೊಂಡಂತೆ ಇರುವ, ಸಾಮಾನ್ಯವಾಗಿ ನಾಲ್ಕು, ಅಕ್ಕಿಕಾಳಿನಷ್ಟು ಪುಟ್ಟ ಗ್ರಂಥಿಗಳಿವು. ಮನುಷ್ಯರಲ್ಲಿ ಇವುಗಳನ್ನು ಸ್ಪಷ್ಟವಾಗಿ ವಿವರಿಸಿದ್ದು ಸ್ವೀಡನ್ನಿನ ಇವಾರ್ ಸ್ಯಾಂಡ್‌ಸ್ಟ್ರೋಮ್, 1880ರಲ್ಲಿ.

ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ಈ ಗ್ರಂಥಿಗಳು ಒಂದು ಹಾರ್ಮೋನನ್ನು ಬಿಡುತ್ತವೆ. ಅದು ಮೂಳೆಯಿಂದ ಕ್ಯಾಲ್ಸಿಯಂ ತೆಗೆಯುತ್ತದೆ, ಮೂತ್ರದಲ್ಲಿ ಹೋಗುವುದನ್ನು ತಡೆಯುತ್ತದೆ, ವಿಟಮಿನ್ ಡಿ ಮೂಲಕ ಕರುಳು ಹೆಚ್ಚು ಹೀರುವಂತೆ ಮಾಡುತ್ತದೆ. ಕ್ಯಾಲ್ಸಿಯಂ ಸಾಕಷ್ಟಾದ ಕೂಡಲೇ ಗ್ರಂಥಿ ಸುಮ್ಮನಾಗಬೇಕು. ಅದರಲ್ಲಿ ಗಡ್ಡೆ ಬೆಳೆದರೆ ಮಾತ್ರ ಈ ಕಡಿವಾಣ ತಪ್ಪುತ್ತದೆ. ಬೇಡವಾದಾಗಲೂ ಮೂಳೆ ಕರಗುತ್ತಲೇ ಇರುತ್ತದೆ. ಕೊನೆಗೆ ಮೂತ್ರಪಿಂಡ ತಡೆಯಲಾರದಷ್ಟು ಕ್ಯಾಲ್ಸಿಯಂ ಅಲ್ಲಿಗೆ ಹರಿದು ಕಲ್ಲಾಗುತ್ತದೆ. ಮಾರ್ಟೆಲ್‌ಗೆ ಮೂಳೆಯೂ ಮುರಿಯುತ್ತಿತ್ತು, ಕಲ್ಲೂ ಆಗುತ್ತಿತ್ತು ಎಂಬುದರ ಗುಟ್ಟು ಇದೇ.

ಆರು ಸಲ ಹುಡುಕಿದರೂ ಸಿಗಲಿಲ್ಲ

1925ರಲ್ಲಿ ವಿಯೆನ್ನಾದ ಫೆಲಿಕ್ಸ್ ಮಾಂಡಲ್ ಟ್ರಾಮ್ ಕಂಡಕ್ಟರ್ ಒಬ್ಬನ ಕುತ್ತಿಗೆಯಿಂದ ಇಂಥ ಗಡ್ಡೆ ತೆಗೆದಿದ್ದರು. ಆತನ ಮೂಳೆನೋವು ಇಳಿದಿತ್ತು. ಹಾಗಾಗಿ ದಾರಿ ಇದೆ ಎಂಬ ಭರವಸೆ ಇತ್ತು. ಮಾರ್ಟೆಲ್‌ನನ್ನು ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಗೆ ಕಳಿಸಲಾಯಿತು. ಅಲ್ಲಿ ಜೋಸೆಫ್ ಆಬ್ ಮತ್ತು ಸಂಗಡಿಗರು ಆತ ತಿಂದ ಕ್ಯಾಲ್ಸಿಯಂ ಎಷ್ಟು, ಹೊರಹೋದದ್ದು ಎಷ್ಟು ಎಂದು ಅಳೆದು ದಾಖಲಿಸಿದರು. ಮುಂದೆ ಈ ಕಾಯಿಲೆಯ ಬಗ್ಗೆ ಅತಿ ಹೆಚ್ಚು ಬರೆದ ಫುಲ್ಲರ್ ಆಲ್‌ಬ್ರೈಟ್ ಕೂಡ ಆ ಅಧ್ಯಯನಗಳಲ್ಲಿ ತೊಡಗಿಕೊಂಡರು.

1926ರಲ್ಲಿ ಎರಡು ಸಲ ಕುತ್ತಿಗೆ ತೆರೆದರು. ಸಿಕ್ಕಿದ್ದು ಸರಿಯಾಗಿಯೇ ಇದ್ದ ಗ್ರಂಥಿಗಳು. ಅವುಗಳನ್ನು ತೆಗೆದರೂ ಕ್ಯಾಲ್ಸಿಯಂ ಇಳಿಯಲಿಲ್ಲ. 1929ರಲ್ಲಿ ನ್ಯೂಯಾರ್ಕಿನಲ್ಲಿ ಮೂರನೆಯ ಶಸ್ತ್ರಚಿಕಿತ್ಸೆ ಆಯಿತು, ಅದೂ ವ್ಯರ್ಥ. 1932ರಲ್ಲಿ ಬಾಸ್ಟನ್ನಿನಲ್ಲಿ ಎಡ್ವರ್ಡ್ ಚರ್ಚಿಲ್ ಮತ್ತು ಆಲಿವರ್ ಕೋಪ್ ಮತ್ತೆ ಹುಡುಕತೊಡಗಿದರು. ಶವಗಳ ಮೇಲೆ ಅಭ್ಯಾಸ ಮಾಡಿ ಗ್ರಂಥಿಯನ್ನು ಗುರುತಿಸಲು ಕಲಿತಿದ್ದ ಕೋಪ್‌ಗೂ ಕುತ್ತಿಗೆಯಲ್ಲಿ ಏನೂ ಕಾಣಲಿಲ್ಲ.

ಅಷ್ಟರಲ್ಲಿ ರೋಗಿಯೇ ವಿದ್ಯಾರ್ಥಿಯಾಗಿದ್ದ. ಮಾರ್ಟೆಲ್ ಗ್ರಂಥಾಲಯದಲ್ಲಿ ಕುಳಿತು ಶರೀರರಚನೆಯ ಪುಸ್ತಕಗಳನ್ನು ಓದಿದ. ಈ ಗ್ರಂಥಿಗಳು ಕೆಲವರಲ್ಲಿ ಎದೆಗೂಡಿನೊಳಗೂ ಇರಬಹುದು ಎಂದು ತಿಳಿದುಕೊಂಡ. ಭ್ರೂಣ ಬೆಳೆಯುವಾಗ ಇವು ತಾವು ಹುಟ್ಟಿದ ಜಾಗದಿಂದ ಕೆಳಕ್ಕೆ ಜಾರಿ ಕುತ್ತಿಗೆಯಲ್ಲಿ ನಿಲ್ಲುತ್ತವೆ. ಕೆಲವೊಮ್ಮೆ ನಿಲ್ಲಬೇಕಾದಲ್ಲಿ ನಿಲ್ಲದೆ ಎದೆಯೊಳಗೆ ಇಳಿದುಬಿಡುತ್ತವೆ. ಅಲ್ಲಿಯೂ ಹುಡುಕಿ ಎಂದು ಆತ ಪಟ್ಟುಹಿಡಿದ.

1932ರ ನವೆಂಬರ್‌ನಲ್ಲಿ ಏಳನೆಯ ಶಸ್ತ್ರಚಿಕಿತ್ಸೆ. ಎದೆಮೂಳೆ ಸೀಳಿ ನೋಡಿದಾಗ ಸುಮಾರು ಮೂರು ಸೆಂಟಿಮೀಟರಿನ ಗಡ್ಡೆ ಅಲ್ಲೇ ಇತ್ತು. ಕ್ಯಾಲ್ಸಿಯಂ ಒಮ್ಮೆಲೇ ಕುಸಿಯಬಾರದೆಂದು ವೈದ್ಯರು ಗಡ್ಡೆಯ ಒಂದು ಚೂರನ್ನು ರಕ್ತನಾಳದ ಸಮೇತ ಉಳಿಸಿದರು. ಆದರೂ ಮೂರು ದಿನಗಳಲ್ಲಿ ಕ್ಯಾಲ್ಸಿಯಂ ಇಳಿದು ಸ್ನಾಯುಸೆಳೆತ ಶುರುವಾಯಿತು. ವರ್ಷಗಟ್ಟಲೆ ಬರಿದಾಗಿದ್ದ ಮೂಳೆಗಳು ರಕ್ತದ ಕ್ಯಾಲ್ಸಿಯಂ ಅನ್ನು ಹಸಿದವರಂತೆ ಹೀರಿಕೊಳ್ಳುವ ಈ ಸ್ಥಿತಿಯನ್ನು ಇಂದು ವೈದ್ಯರು ಹಸಿದ ಮೂಳೆ ಎಂದೇ ಕರೆಯುತ್ತಾರೆ. ಆರು ವಾರಗಳ ನಂತರ ಮೂತ್ರನಾಳದಲ್ಲಿ ಕಲ್ಲೊಂದು ಸಿಕ್ಕಿಕೊಂಡಿತು. ಅದಕ್ಕಾಗಿ ಮಾಡಿದ ಶಸ್ತ್ರಚಿಕಿತ್ಸೆಯ ಬಳಿಕ ಗಂಟಲಿನ ಸ್ನಾಯುಗಳು ಬಿಗಿದು ಕ್ಯಾಪ್ಟನ್ ಮಾರ್ಟೆಲ್ ತೀರಿಕೊಂಡ. ಗಡ್ಡೆ ಸಿಕ್ಕಿತ್ತು, ಆದರೆ ಮೂತ್ರಪಿಂಡಗಳು ಅಷ್ಟು ಕಾಯುವ ಸ್ಥಿತಿಯಲ್ಲಿರಲಿಲ್ಲ.

ಇಂದು ಆತ ಬಂದಿದ್ದರೆ?

ಈಗ ರೋಗಪತ್ತೆಗೆ ಮುಖ್ಯವಾಗಿ ಬೇಕಿರುವುದು ರಕ್ತಪರೀಕ್ಷೆ. ರಕ್ತದ ಕ್ಯಾಲ್ಸಿಯಂ ಸಾಮಾನ್ಯವಾಗಿ ಡೆಸಿಲೀಟರಿಗೆ 8.5ರಿಂದ 10.5 ಮಿಲಿಗ್ರಾಂ. ಅದು ಹೆಚ್ಚಿರುವಾಗ ಪ್ಯಾರಾಥೈರಾಯ್ಡ್ ಹಾರ್ಮೋನ್, ಅಂದರೆ ಪಿಟಿಎಚ್, ಇಳಿದಿರಬೇಕು. ಇಳಿಯದೆ ಹೆಚ್ಚೇ ಇದ್ದರೆ, ಅಥವಾ ನಾರ್ಮಲ್ ಎಂದು ಬಂದರೂ, ಗ್ರಂಥಿಯ ಮೇಲೆ ಅನುಮಾನ ಪಡಬೇಕು. ಇಲ್ಲಿ ನಾರ್ಮಲ್ ಎಂಬ ಪದವೇ ಹಲವರನ್ನು ದಾರಿತಪ್ಪಿಸುತ್ತದೆ. ವಂಶವಾಹಿಯಾಗಿ ಬರುವ, ಶಸ್ತ್ರಚಿಕಿತ್ಸೆ ಬೇಡದ ಇನ್ನೊಂದು ಸ್ಥಿತಿಯಲ್ಲೂ ಹೀಗೆ ಕಾಣುವುದರಿಂದ 24 ಗಂಟೆಗಳ ಮೂತ್ರದ ಕ್ಯಾಲ್ಸಿಯಂ ಅಳೆಯುತ್ತಾರೆ. ವಿಟಮಿನ್ ಡಿ, ಮೂಳೆಯ ಸಾಂದ್ರತೆ, ಮೂತ್ರಪಿಂಡದ ಸ್ಕ್ಯಾನ್ ಕೂಡ ನೋಡುತ್ತಾರೆ.

ರೋಗ ಖಚಿತವಾದ ಮೇಲಷ್ಟೇ ಗಡ್ಡೆ ಎಲ್ಲಿದೆ ಎಂಬ ಹುಡುಕಾಟ. ಅಲ್ಟ್ರಾಸೌಂಡ್, ಸೆಸ್ಟಮಿಬಿ ಸ್ಕ್ಯಾನ್, ಸಿಟಿ ಸ್ಕ್ಯಾನ್‌ಗಳು ಎದೆಯೊಳಗಿನ ಗಡ್ಡೆಯನ್ನೂ ತೋರಿಸಬಲ್ಲವು. ಸುಮಾರು ನೂರರಲ್ಲಿ 80 ಮಂದಿಗೆ ಒಂದೇ ಗ್ರಂಥಿಯಲ್ಲಿ ಗಡ್ಡೆ ಇರುತ್ತದೆ. ಅದು ಕ್ಯಾನ್ಸರ್ ಆಗಿರುವುದು ತೀರಾ ಅಪರೂಪ. ಅದನ್ನು ತೆಗೆದರೆ ಹೆಚ್ಚಿನವರು ಗುಣವಾಗುತ್ತಾರೆ. ಪಿಟಿಎಚ್ ರಕ್ತದಿಂದ ಕೆಲವೇ ನಿಮಿಷಗಳಲ್ಲಿ ಮಾಯವಾಗುವುದರಿಂದ, ಗಡ್ಡೆ ತೆಗೆದ ಹತ್ತು ನಿಮಿಷಕ್ಕೆ ಅದು ಅರ್ಧಕ್ಕಿಂತ ಕೆಳಗಿಳಿಯಿತೇ ಎಂದು ಆಪರೇಷನ್ ಥಿಯೇಟರಿನಲ್ಲೇ ಪರೀಕ್ಷಿಸಬಹುದು. ಮಾರ್ಟೆಲ್ ಕಾಲದಲ್ಲಿ ಈ ಹಾರ್ಮೋನನ್ನು ರಕ್ತದಲ್ಲಿ ಅಳೆಯುವ ವಿಧಾನವೇ ಇರಲಿಲ್ಲ. ಅದು ಬಂದದ್ದು 1963ರಲ್ಲಿ, ಬರ್ಸನ್ ಮತ್ತು ರೋಸಲಿನ್ ಯಾಲೋ ಅವರಿಂದ.

ನೀವು ನೆನಪಿಡಬೇಕಾದದ್ದು

ಮತ್ತೆ ಮತ್ತೆ ಕಿಡ್ನಿ ಕಲ್ಲು, ಸಣ್ಣ ಪೆಟ್ಟಿಗೆ ಮೂಳೆ ಮುರಿತ, ಕಾರಣವಿಲ್ಲದ ಸುಸ್ತು, ಮಲಬದ್ಧತೆ, ವಿಪರೀತ ಬಾಯಾರಿಕೆ ಇದ್ದರೆ ರಕ್ತದ ಕ್ಯಾಲ್ಸಿಯಂ ಪರೀಕ್ಷಿಸಬಹುದೇ ಎಂದು ವೈದ್ಯರನ್ನು ಕೇಳಿ. ಹೆಚ್ಚಿದೆ ಎಂದು ಬಂದರೆ ಹಾಲು ಮೊಸರು ಬಿಟ್ಟು ಸುಮ್ಮನಾಗಬೇಡಿ. ಗಡ್ಡೆಗೆ ಬೇಕಾದ ಕ್ಯಾಲ್ಸಿಯಂ ನಿಮ್ಮ ಮೂಳೆಯಲ್ಲೇ ಇದೆ, ಊಟದಲ್ಲಿ ಸಿಗದಿದ್ದರೆ ಅಲ್ಲಿಂದ ಇನ್ನಷ್ಟು ತೆಗೆಯುತ್ತದೆ. ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆಗಳನ್ನು ಶುರು ಮಾಡುವುದೂ ನಿಲ್ಲಿಸುವುದೂ ವೈದ್ಯರ ಸಲಹೆಯಂತೆ ಇರಲಿ. ಮಾರ್ಟೆಲ್ ಕಾಯಿಲೆ ಪತ್ತೆಯಾಗಲು ಸುಮಾರು ಏಳು ವರ್ಷ, ಗಡ್ಡೆ ಸಿಗಲು ಮತ್ತೆ ಆರು ವರ್ಷ ಹಿಡಿದಿತ್ತು. ಈಗ ಕೆಲವು ಪರೀಕ್ಷೆಗಳಲ್ಲಿ ತಿಳಿಯುವ ವಿಷಯಕ್ಕೆ ಯಾರೂ ಅಷ್ಟು ಕಾಯಬೇಕಾಗಿಲ್ಲ.