ಡಾಕ್ಟರ್ ಕರ್ಟ್‌ಲೆಂಡ್ ಮತ್ತು ಸುಟ್ಟ ಕಾಡಿನ ಹಕ್ಕಿ

ಜೇರೆಡ್ ಪಾಟರ್ ಕರ್ಟ್‌ಲೆಂಡ್ ಅವರು ಹುಟ್ಟಿದ್ದು 1793ರ ನವೆಂಬರ್ 10ರಂದು, ಅಮೆರಿಕದ ಕನೆಕ್ಟಿಕಟ್ ರಾಜ್ಯದ ವಾಲಿಂಗ್‌ಫರ್ಡ್‌ನಲ್ಲಿ. ಅವರು ಬೆಳೆದದ್ದು ವೈದ್ಯರಾಗಿದ್ದ ತಾತನ ಮನೆಯಲ್ಲಿ. ಅಲ್ಲಿ ಹಿಪ್ಪುನೇರಳೆಯ ಗಿಡಗಳಿದ್ದವು, ರೇಷ್ಮೆಹುಳುಗಳಿದ್ದವು. ಗಂಡಿನ ಸಂಪರ್ಕವಿಲ್ಲದ ಹೆಣ್ಣು ಪತಂಗ ಇಟ್ಟ ಮೊಟ್ಟೆಗಳೂ ಮರಿಯಾಗಬಲ್ಲವು ಎಂಬುದನ್ನು ಆ ಹುಡುಗ ಕಂಡುಕೊಂಡ. ರಾಮನಗರದ ಸುತ್ತ ರೇಷ್ಮೆ ಬೆಳೆಯುವ ಮನೆಗಳನ್ನು ಕಂಡವನಾದ ನನಗೆ ಅವರ ಬಾಲ್ಯದಲ್ಲಿ ಹೆಚ್ಚು ಹಿಡಿಸಿದ ಸಂಗತಿ ಇದೇ.

1813ರಲ್ಲಿ ಯೇಲ್‌ನಲ್ಲಿ ವೈದ್ಯಕೀಯ ಶಿಕ್ಷಣ ಆರಂಭವಾದಾಗ ಅದರ ಮೊದಲ ತಂಡದಲ್ಲಿ ಅವರಿದ್ದರು. 1815ರಲ್ಲಿ ಪದವಿ ಪಡೆದರು. 1823ರಲ್ಲಿ ಪತ್ನಿ ತೀರಿಕೊಂಡರು. ಅದೇ ವರ್ಷ ಅವರು ಊರು ಬಿಟ್ಟು, ತಂದೆ ನೆಲೆಸಿದ್ದ ಓಹಾಯೋದ ಪೋಲೆಂಡ್ ಎಂಬ ಹಳ್ಳಿಗೆ ಹೋದರು. ಅಲ್ಲಿ ವೈದ್ಯವೃತ್ತಿ, ಜೊತೆಗೆ ರಾಜ್ಯದ ಶಾಸನಸಭೆಯ ಸದಸ್ಯತ್ವ. ಸೆರೆಮನೆಗಳ ಸುಧಾರಣೆಗಾಗಿ ದುಡಿದರು. ಆಮೇಲೆ ಸಿನ್ಸಿನಾಟಿಯಲ್ಲಿ ಅಧ್ಯಾಪಕರಾದರು, 1843ರಲ್ಲಿ ಕ್ಲೀವ್‌ಲೆಂಡ್‌ನ ವೈದ್ಯಕೀಯ ಕಾಲೇಜಿನ ಸ್ಥಾಪಕರಲ್ಲಿ ಒಬ್ಬರಾದರು. ಎರಿ ಸರೋವರದ ದಂಡೆಯ ತಮ್ಮ ತೋಟದಲ್ಲಿ ಚೆರಿಯ ಹೊಸ ತಳಿಗಳನ್ನು ಬೆಳೆಸಿದರು.

ಆದರೆ ಅವರ ನಿಜವಾದ ಶಕ್ತಿ ನೋಟದಲ್ಲಿತ್ತು. ಹೊಳೆಯ ಸಿಹಿನೀರಿನ ಚಿಪ್ಪುಜೀವಿಗಳಲ್ಲಿ ಗಂಡು ಹೆಣ್ಣುಗಳ ಚಿಪ್ಪಿನ ಆಕಾರವೇ ಬೇರೆ ಎಂದು 1834ರಲ್ಲಿ ಅವರು ಪ್ರಕಟಿಸಿದರು. ಬೇರೆ ಬೇರೆ ಪ್ರಭೇದಗಳೆಂದು ಪಂಡಿತರು ಹೆಸರಿಟ್ಟಿದ್ದ ಕೆಲವು ಒಂದೇ ಪ್ರಭೇದದ ಗಂಡು ಹೆಣ್ಣುಗಳಾಗಿದ್ದವು. ರೋಗಿಯನ್ನು ಮುಟ್ಟಿ ನೋಡದೆ ಕಾಗದದ ಮೇಲೆಯೇ ರೋಗನಿರ್ಣಯ ಮಾಡುವವರು ಇಂದಿಗೂ ಇದ್ದಾರೆ. ಅವರು ಇದನ್ನು ಓದಬೇಕು. 1838ರಲ್ಲಿ ಓಹಾಯೋದ ಪ್ರಾಣಿಗಳ ಕುರಿತ ಅವರ ವರದಿ ಹೊರಬಂತು.

1851ರ ಮೇ ತಿಂಗಳಲ್ಲಿ ಅವರ ಅಳಿಯ ಚಾರ್ಲ್ಸ್ ಪೀಸ್ ಕ್ಲೀವ್‌ಲೆಂಡ್ ಬಳಿ ಒಂದು ಚಿಕ್ಕ ಹಕ್ಕಿಯನ್ನು ಹೊಡೆದು ತಂದರು. ನೀಲಿಬೂದು ಬೆನ್ನು, ಹಳದಿ ಎದೆ. ಅದು ಸ್ಮಿತ್‌ಸೋನಿಯನ್ ಸಂಸ್ಥೆಯ ಸ್ಪೆನ್ಸರ್ ಬೇರ್ಡ್ ಅವರ ಕೈ ಸೇರಿತು. 1852ರಲ್ಲಿ ಬೇರ್ಡ್ ಅದನ್ನು ಹೊಸ ಪ್ರಭೇದವೆಂದು ವಿವರಿಸಿ, ಗೆಳೆಯನ ಹೆಸರನ್ನೇ ಇಟ್ಟರು: ಕರ್ಟ್‌ಲೆಂಡ್ ವಾರ್ಬ್ಲರ್.

ಅಂತರ್ಯುದ್ಧದ ಕಾಲದಲ್ಲಿ, ಎಪ್ಪತ್ತರ ಹೊಸ್ತಿಲಲ್ಲಿದ್ದ ಕರ್ಟ್‌ಲೆಂಡ್ ಸೇನೆಗೆ ಸೇರಬಂದ ಯುವಕರ ದೇಹಪರೀಕ್ಷೆ ನಡೆಸಿ, ಬಂದ ಸಂಬಳವನ್ನು ಸೈನಿಕರ ನೆರವಿಗೇ ಕೊಟ್ಟರು. 1877ರ ಡಿಸೆಂಬರ್ 10ರಂದು ನಿಧನರಾದಾಗ, ತಮ್ಮ ಹೆಸರಿನ ಹಕ್ಕಿ ಎಲ್ಲಿ ಗೂಡು ಕಟ್ಟುತ್ತದೆ, ಚಳಿಗಾಲದಲ್ಲಿ ಎಲ್ಲಿಗೆ ಹೋಗುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಅದು ಚಳಿಗಾಲ ಕಳೆಯುವುದು ಬಹಾಮಾ ದ್ವೀಪಗಳಲ್ಲಿ ಎಂದು 1879ರಲ್ಲಿ ತಿಳಿಯಿತು. ಮೊದಲ ಗೂಡು ಸಿಕ್ಕಿದ್ದು 1903ರಲ್ಲಿ, ಮಿಶಿಗನ್‌ನ ಓ ಸೇಬಲ್ ನದಿಯ ಸಮೀಪದ ಮರಳು ಬಯಲಿನಲ್ಲಿ.

ಆ ಗೂಡಿನ ಕಥೆಯೆಂದರೆ ಬೆಂಕಿಯ ಕಥೆ. ಜ್ಯಾಕ್ ಪೈನ್ ಮರದ ಕಾಯಿಗಳು ಅಂಟಿನಿಂದ ಬಿಗಿದುಕೊಂಡು ವರ್ಷಗಟ್ಟಲೆ ಕೊಂಬೆಯಲ್ಲೇ ಉಳಿಯುತ್ತವೆ. ಕಾಡ್ಗಿಚ್ಚಿನ ಕಾವಿಗೆ ಅಂಟು ಕರಗಿ ಬೀಜಗಳು ಬೂದಿಯ ಮೇಲೆ ಉದುರುತ್ತವೆ, ಸಸಿಗಳು ಒತ್ತೊತ್ತಾಗಿ ಏಳುತ್ತವೆ. ಐದಾರು ವರ್ಷವಾದ ಮೇಲೆ ಅವುಗಳ ಕೆಳಗೊಂಬೆಗಳು ನೆಲ ಮುಟ್ಟುವಂತೆ ಹರಡುತ್ತವೆ. ಅವುಗಳ ಮರೆಯಲ್ಲಿ, ನೆಲದ ಮೇಲೆ, ಹಕ್ಕಿ ಗೂಡು ಕಟ್ಟುತ್ತದೆ. ಮರಳು ನೆಲವಾದ್ದರಿಂದ ಮಳೆಯ ನೀರು ನಿಲ್ಲುವುದಿಲ್ಲ. ಮರಗಳಿಗೆ ಸುಮಾರು ಇಪ್ಪತ್ತು ವರ್ಷವಾಗುವ ಹೊತ್ತಿಗೆ ನೆರಳಿಗೆ ಕೆಳಗೊಂಬೆಗಳು ಒಣಗುತ್ತವೆ. ಹಕ್ಕಿ ಬೇರೆ ಸುಟ್ಟ ನೆಲವನ್ನು ಹುಡುಕಿಕೊಂಡು ಹೋಗುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಕಾಡಿನ ಬೆಂಕಿಯನ್ನು ಆರಿಸುವ ವ್ಯವಸ್ಥೆ ಬಲವಾಯಿತು. ಮನೆಮಠಗಳಿಗೆ ಅದು ಒಳ್ಳೆಯದೇ. ಈ ಹಕ್ಕಿಗೆ ಮಾತ್ರ ನೆಲೆ ತಪ್ಪತೊಡಗಿತು. ಕಾಡು ಕಡಿದು ಹೊಲ ಮಾಡಿದ ಕಡೆಯೆಲ್ಲ ಕೌಬರ್ಡ್ ಎಂಬ ಹಕ್ಕಿ ಹಬ್ಬಿತು. ನಮ್ಮ ಕೋಗಿಲೆ ಕಾಗೆಯ ಗೂಡಿಗೆ ಮಾಡುವುದನ್ನೇ ಅದು ವಾರ್ಬ್ಲರ್ ಗೂಡಿಗೆ ಮಾಡುತ್ತದೆ. ಆದರೆ ಈ ಪುಟ್ಟ ಹಕ್ಕಿಗೆ ಕಾಗೆಯ ತಾಳಿಕೆಯಿಲ್ಲ. ಹಾಡುವ ಗಂಡುಗಳನ್ನು ಎಣಿಸಿದಾಗ 1951ರಲ್ಲಿ 432, 1961ರಲ್ಲಿ 502 ಸಿಕ್ಕಿದ್ದವು. 1971ರಲ್ಲಿ ಉಳಿದಿದ್ದವು 201.

1972ರಿಂದ ಕೌಬರ್ಡ್‌ಗಳನ್ನು ಬೋನಿಟ್ಟು ಹಿಡಿಯಲಾರಂಭಿಸಿದರು. ಕುಸಿತ ನಿಂತಿತು, ಏರಿಕೆ ಮಾತ್ರ ಆಗಲಿಲ್ಲ. ಸೋಂಕು ಇಳಿದರೂ ಅನ್ನವಿಲ್ಲದ ರೋಗಿ ಚೇತರಿಸಿಕೊಳ್ಳುವುದಿಲ್ಲವಲ್ಲ! 1980ರ ಮೇ 5ರಂದು, ಈ ಹಕ್ಕಿಗೆ ನೆಲೆ ಮಾಡಿಕೊಡಲೆಂದೇ ಹಚ್ಚಿದ ನಿಯಂತ್ರಿತ ಬೆಂಕಿ ಮ್ಯಾಕ್ ಲೇಕ್ ಬಳಿ ಕೈಮೀರಿತು. ಸುಮಾರು 24,000 ಎಕರೆ ಉರಿಯಿತು, 44 ಮನೆಗಳು ಸುಟ್ಟವು, ಬೆಂಕಿ ಆರಿಸುತ್ತಿದ್ದ ಒಬ್ಬ ಯುವಕ ಸತ್ತ. ಸುಮಾರು ಹತ್ತು ವರ್ಷಗಳ ಮೇಲೆ ಅದೇ ನೆಲದ ಎಳೆಯ ಪೈನ್‌ಗಳಲ್ಲಿ ವಾರ್ಬ್ಲರ್‌ಗಳು ತುಂಬಿಕೊಂಡವು. 2001ರಲ್ಲಿ ಹಾಡುವ ಗಂಡುಗಳ ಸಂಖ್ಯೆ ಸಾವಿರ ದಾಟಿತು. ಈ ಲೆಕ್ಕವನ್ನು ಸಂತೋಷದಿಂದ ಬರೆಯಲು ನನ್ನಿಂದ ಆಗುವುದಿಲ್ಲ. ಆದರೂ ಸುಟ್ಟ ನೆಲಕ್ಕೂ ಈ ಹಕ್ಕಿಗೂ ಇರುವ ನಂಟನ್ನು ಇಷ್ಟು ನಿಚ್ಚಳವಾಗಿ ತೋರಿಸಿದ ಘಟನೆ ಇನ್ನೊಂದಿಲ್ಲ.

ಈಗ ಬಹುಮಟ್ಟಿಗೆ ಬೆಂಕಿಯ ಕೆಲಸವನ್ನು ಗರಗಸ ಮತ್ತು ಗುದ್ದಲಿ ಮಾಡುತ್ತಿವೆ. ಬಲಿತ ಪೈನ್‌ಗಳನ್ನು ಕಡಿದು, ಸಸಿಗಳನ್ನು ಒತ್ತಾಗಿ ನೆಟ್ಟು, ಸುಟ್ಟ ಕಾಡಿನಲ್ಲಿರುವಂತೆ ನಡುನಡುವೆ ಬಯಲು ಬಿಡುತ್ತಾರೆ. 2019ರಲ್ಲಿ ಹಕ್ಕಿಯನ್ನು ಅಳಿವಿನಂಚಿನ ಪ್ರಭೇದಗಳ ಪಟ್ಟಿಯಿಂದ ಕೈಬಿಡಲಾಯಿತು. ಕಡಿಯುವ, ನೆಡುವ ಕೆಲಸ ಅದರ ನಂತರವೂ ಪ್ರತಿವರ್ಷ ನಡೆಯುತ್ತಲೇ ಇದೆ.